ನೀರು ಸುರಿಯುವ ಒಣಗಣ್ಣು

ಕಣ್ಣಲ್ಲಿ ಸದಾ ನೀರು ಸೋರುತ್ತದೆ ಎಂದು ಆಸ್ಪತ್ರೆಗೆ ಬಂದವರಿಗೆ ‘ನಿಮ್ಮ ಕಣ್ಣು ಒಣಗಿದೆ’ ಎಂದರೆ ಅವರು ವೈದ್ಯರನ್ನೇ ಅನುಮಾನಿಸುತ್ತಾರೆ. ಆದರೆ ಒಣಗಣ್ಣಿನ ಲಕ್ಷಣಗಳಲ್ಲಿ ನೀರು ಸೋರುವುದೂ ಒಂದು. ಕಣ್ಣನ್ನು ದಿನವಿಡೀ ತೇವವಾಗಿಡುವ ಕಣ್ಣೀರು ಬೇರೆ. ಹೊಗೆ, ಧೂಳು, ಈರುಳ್ಳಿಯ ಘಾಟು ತಾಗಿದಾಗ ಒಮ್ಮೆಲೇ ನುಗ್ಗಿಬರುವ ಕಣ್ಣೀರು ಬೇರೆ. ಮೊದಲನೆಯದು ಕೆಟ್ಟು ಕಣ್ಣಿನ ಮೇಲ್ಮೈ ಅಲ್ಲಲ್ಲಿ ಬತ್ತಿದಾಗ ಅಲ್ಲಿನ ನರಗಳು ಕೆರಳುತ್ತವೆ. ಅದಕ್ಕೆ ಪ್ರತಿಯಾಗಿ ಎರಡನೆಯದು ಧಾರಾಕಾರವಾಗಿ ಬರುತ್ತದೆ. ಬಂದದ್ದು ಕೆನ್ನೆಗೆ ಇಳಿದುಹೋಗುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ನೀರಿನ ಜೊತೆ ಇನ್ನೆರಡು ವಸ್ತುಗಳು ಬೇಕು, ಅವನ್ನು ಹರಡಲು ರೆಪ್ಪೆ ಬೇಕು.

ಒಣಗಣ್ಣೆಂದರೆ ನೀರಿನ ಕೊರತೆ, ಮೇಲಿನಿಂದ ನೀರು ಬಿಟ್ಟರೆ ಸರಿಹೋಗುತ್ತದೆ ಎಂಬ ತಿಳಿವಳಿಕೆ ಎಷ್ಟು ಸಹಜವಾಗಿ ತೋರುತ್ತದೆಯೋ ಅಷ್ಟೇ ದಾರಿ ತಪ್ಪಿಸುವಂಥದ್ದು. ಬಹುಪಾಲು ರೋಗಿಗಳಲ್ಲಿ ನೀರು ಸಾಕಷ್ಟು ಹುಟ್ಟುತ್ತಿರುತ್ತದೆ. ಅದನ್ನು ಹಿಡಿದಿಡುವ ವ್ಯವಸ್ಥೆ ಹಾಳಾಗಿರುತ್ತದೆ. ಮೆಡಿಕಲ್ ಶಾಪಿನಿಂದ ತಂದ ಸೀಸೆ ಒಂದರ ಹಿಂದೊಂದು ಖಾಲಿಯಾದರೂ ಉರಿ ಹೋಗದಿರಲು ಇದೇ ಕಾರಣ.

ಕಣ್ಣೀರ ಪದರದ ದಪ್ಪ ಸುಮಾರು 3 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂರು. ಇಷ್ಟು ತೆಳುವಾದ ಪದರದಲ್ಲೂ ಮೂರು ಅಂಶಗಳಿವೆ. ಕಣ್ಣಿಗೆ ಅಂಟಿಕೊಂಡಂತೆ ಲೋಳೆ, ಅದರೊಂದಿಗೆ ಬೆರೆತಂತೆ ನೀರು, ಎಲ್ಲಕ್ಕೂ ಮೇಲೆ ಎಣ್ಣೆ. ಲೋಳೆ ಬರುವುದು ಬಿಳಿಗುಡ್ಡೆಯನ್ನು ಹೊದ್ದ ತೆಳುಪೊರೆಯ ಕೋಶಗಳಿಂದ. ಸ್ವಭಾವತಃ ನೀರು ಹಿಡಿಯದ ಕಾರ್ನಿಯಾದ (ಕರಿಗುಡ್ಡೆಯ ಪಾರದರ್ಶಕ ಹೊರಪದರದ) ಮೇಲೆ ನೀರು ಸಮನಾಗಿ ಹರಡುವಂತೆ ಮಾಡುವುದು ಈ ಲೋಳೆಯೇ. ನೀರು ಮುಖ್ಯವಾಗಿ ಹುಬ್ಬಿನ ಹೊರತುದಿಯ ಕೆಳಗಿರುವ ಕಣ್ಣೀರ ಗ್ರಂಥಿಯಿಂದಲೂ, ರೆಪ್ಪೆಯ ಒಳಮೈಯಲ್ಲಿ ಚದುರಿದ ಕಿರುಗ್ರಂಥಿಗಳಿಂದಲೂ ಬರುತ್ತದೆ. ಅದು ಬರಿಯ ಉಪ್ಪುನೀರಲ್ಲ. ಸೂಕ್ಷ್ಮಜೀವಿಗಳ ಗೋಡೆ ಒಡೆಯುವ ಲೈಸೋಜೈಮ್ ಅದರಲ್ಲಿದೆ. ಮುಂದೆ ಪೆನ್ಸಿಲಿನ್‌ನಿಂದ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು ಗುರುತಿಸಿದ್ದ ವಸ್ತು ಇದು. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲದ ಕಾರಣ ಗಾಳಿಯ ಆಮ್ಲಜನಕವೂ ಈ ಪದರದ ಮೂಲಕವೇ ಅದನ್ನು ಮುಟ್ಟಬೇಕು.

ಎಣ್ಣೆಯ ಕಥೆ ಕೊಂಚ ವಿವರವಾಗಿಯೇ ಹೇಳಬೇಕಾದದ್ದು, ಏಕೆಂದರೆ ಒಣಗಣ್ಣಿನ ಬೀಗದ ಕೈ ಹೆಚ್ಚಿನವರಲ್ಲಿ ಅಲ್ಲಿಯೇ ಇದೆ. ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30 ಉದ್ದನೆಯ ಗ್ರಂಥಿಗಳು ಸಾಲಾಗಿ ನಿಂತಿವೆ. ಅವುಗಳ ಬಾಯಿ ತೆರೆಯುವುದು ರೆಪ್ಪೆಯಂಚಿನಲ್ಲಿ, ಕೂದಲ ಸಾಲಿನ ಒಳಗೆ. 1666ರಲ್ಲಿ ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್ ಇವನ್ನು ವಿವರಿಸಿದ್ದರಿಂದ ಮೈಬೋಮಿಯನ್ ಗ್ರಂಥಿಗಳೆಂಬ ಹೆಸರು ನಿಂತಿದೆ. ಪ್ರತಿ ಸಲ ರೆಪ್ಪೆ ಮುಚ್ಚಿದಾಗ ಅಲ್ಲಿನ ಸ್ನಾಯು ಗ್ರಂಥಿಗಳನ್ನು ಹಿಂಡುತ್ತದೆ, ತುಸು ಎಣ್ಣೆ ಹೊರಬರುತ್ತದೆ. ರೆಪ್ಪೆ ತೆರೆಯುವಾಗ ಅದು ನೀರಿನ ಮೇಲೆ ಎಳೆದುಕೊಂಡು ಹರಡುತ್ತದೆ. ಈ ಎಣ್ಣೆಯಿಲ್ಲದೆ ಕೆಳಗಿನ ನೀರು ಬೇಗನೆ ಆವಿಯಾಗುತ್ತದೆ. ರೆಪ್ಪೆ ಬಡಿಯದಿದ್ದರೆ, ಇಲ್ಲವೇ ಪೂರ್ತಿ ಮುಚ್ಚದಿದ್ದರೆ ಎಣ್ಣೆ ಹೊರಬರುವುದೂ ಇಲ್ಲ, ಹರಡುವುದೂ ಇಲ್ಲ. ಹೊರಬರದ ಎಣ್ಣೆ ಗ್ರಂಥಿಯೊಳಗೇ ಗಟ್ಟಿಯಾಗುತ್ತದೆ. ಬಾಯಿ ಕಟ್ಟಿದ ಗ್ರಂಥಿ ವರ್ಷಗಳಲ್ಲಿ ಮೊಟಕಾಗಿ ಕೊನೆಗೆ ನಶಿಸುತ್ತದೆ, ಮತ್ತೆ ಬೆಳೆಯುತ್ತದೆಂದು ಭರವಸೆ ಇಟ್ಟುಕೊಳ್ಳುವಂತಿಲ್ಲ.

ಆವಿಯಾಗಿ ಉಳಿದ ಕಣ್ಣೀರಿನಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಇಲ್ಲಿಂದ ಒಣಗಣ್ಣು ಬರಿಯ ಅನಾನುಕೂಲವಾಗಿ ಉಳಿಯದೆ ಕಾಯಿಲೆಯಾಗುತ್ತದೆ. ಹೆಚ್ಚು ಉಪ್ಪಾದ ಕಣ್ಣೀರು ಮೇಲ್ಮೈಯ ಕೋಶಗಳನ್ನು ನೋಯಿಸಿ ಉರಿಯೂತ ಹುಟ್ಟಿಸುತ್ತದೆ. ಉರಿಯೂತ ಲೋಳೆ ಕೊಡುವ ಕೋಶಗಳನ್ನು ಕೊಲ್ಲುತ್ತದೆ. ಲೋಳೆ ಕಡಿಮೆಯಾದಂತೆ ಕಣ್ಣೀರ ಪದರ ಇನ್ನೂ ಬೇಗ ಒಡೆಯುತ್ತದೆ, ಇನ್ನಷ್ಟು ನೀರು ಆವಿಯಾಗುತ್ತದೆ. ಈ ವಿಷವರ್ತುಲಕ್ಕೆ ಯಾವ ಬಾಗಿಲಿಂದ ಪ್ರವೇಶವಾಯಿತು ಎಂಬುದು ಸ್ವಲ್ಪ ಕಾಲದ ನಂತರ ಮುಖ್ಯವಾಗುವುದಿಲ್ಲ. ಒಳಗೆ ಬಂದ ಮೇಲೆ ಅದು ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಒಣಗಣ್ಣನ್ನು ಕುರಿತ ಅಂತರರಾಷ್ಟ್ರೀಯ ತಜ್ಞರ ವರದಿ 2017ರಲ್ಲಿ ಕಾಯಿಲೆಯನ್ನು ವ್ಯಾಖ್ಯಾನಿಸುವಾಗ ಕಣ್ಣೀರ ಪದರದ ಸಮತೋಲ ತಪ್ಪುವುದನ್ನು ನಡುವೆ ಇಟ್ಟು, ಅದರ ಅಸ್ಥಿರತೆ, ಏರಿದ ಉಪ್ಪು, ಉರಿಯೂತ, ನರಗಳ ಏರುಪೇರು ಇವನ್ನು ಕಾರಣಗಳ ಸಾಲಿನಲ್ಲಿ ಸೇರಿಸಿತು. ಆ ಸಾಲಿನಲ್ಲಿ ನೀರಿನ ಕೊರತೆಯ ಪ್ರಸ್ತಾಪ ಪ್ರತ್ಯೇಕವಾಗಿ ಇಲ್ಲದಿರುವುದು ಗಮನಾರ್ಹ.

ಹಾಗೆಂದು ನೀರಿನ ಕೊರತೆಯೇ ಮೂಲವಾದ ಒಣಗಣ್ಣು ಇಲ್ಲವೆಂದಲ್ಲ. ನೀರು ಹುಟ್ಟದ ಬಗೆ, ನೀರು ನಿಲ್ಲದ ಬಗೆ ಎಂದು ಎರಡು ವಿಧ ಮಾಡುವುದು ರೂಢಿ. ಅನೇಕರಲ್ಲಿ ಎರಡೂ ಬೆರೆತಿರುತ್ತವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಣಗಣ್ಣಿನ ರೋಗಿಗಳನ್ನು ಹೀಗೆ ವಿಂಗಡಿಸಿದಾಗ ನೂರಕ್ಕೆ 86 ಮಂದಿಯಲ್ಲಿ ಎಣ್ಣೆಗ್ರಂಥಿಗಳ ತೊಂದರೆ ಕಂಡುಬಂತು. ಬರಿಯ ನೀರಿನ ಕೊರತೆಯವರು ಅಲ್ಪಸಂಖ್ಯಾತರು.

ರೆಪ್ಪೆ ಬಡಿಯುವ ಲೆಕ್ಕ ಇಲ್ಲಿ ಬರುತ್ತದೆ. ಹರಟೆ ಹೊಡೆಯುತ್ತ ಕೂತ ಮನುಷ್ಯ ನಿಮಿಷಕ್ಕೆ 15–20 ಬಾರಿ ರೆಪ್ಪೆ ಬಡಿಯುತ್ತಾನೆ. ಅದೇ ಮನುಷ್ಯ ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಮುಳುಗಿದಾಗ ಅದು ಅರ್ಧಕ್ಕೆ, ಕೆಲವೊಮ್ಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಂಖ್ಯೆಗಿಂತಲೂ ಕೆಟ್ಟದ್ದು ಅರೆಬಡಿತ: ಮೇಲ್ರೆಪ್ಪೆ ಅರ್ಧ ಇಳಿದು ಹಿಂದಿರುಗುತ್ತದೆ, ಕೆಳರೆಪ್ಪೆಯನ್ನು ಮುಟ್ಟುವುದೇ ಇಲ್ಲ. ಹೀಗಾದಾಗ ಕಾರ್ನಿಯಾದ ಕೆಳಭಾಗ ಗಂಟೆಗಟ್ಟಲೆ ತೆರೆದೇ ಇರುತ್ತದೆ. ಪರೀಕ್ಷೆಯಲ್ಲಿ ಗಾಯದ ಚುಕ್ಕೆಗಳು ಅಲ್ಲೇ ಪಟ್ಟಿಯಾಗಿ ಕಾಣುತ್ತವೆ. ಪರದೆಯ ಬೆಳಕು ಕಣ್ಣು ಒಣಗಿಸುತ್ತದೆಂದು ಜನ ನಂಬುತ್ತಾರೆ. ಬೆಳಕಿನ ಪಾತ್ರ ನಗಣ್ಯ. ನೆಟ್ಟ ನೋಟವೇ ಅಪರಾಧಿ. ದೀಪದ ಕೆಳಗೆ ಕೂತು ಸಣ್ಣ ಹೊಲಿಗೆ ಹಾಕುವವರಲ್ಲೂ, ರಾತ್ರಿಯಿಡೀ ಬಸ್ಸು ಓಡಿಸುವವರಲ್ಲೂ ಇದೇ ನಡೆಯುತ್ತದೆ.

ಪರದೆಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲಕ್ಕೆ ನೋಡುವಾಗ ರೆಪ್ಪೆಗಳು ಅಗಲವಾಗಿ ತೆರೆಯುತ್ತವೆ, ಗಾಳಿಗೆ ಒಡ್ಡಿಕೊಂಡ ಜಾಗ ಹೆಚ್ಚುತ್ತದೆ. ಕೆಳಗೆ ಇಟ್ಟ ಪುಸ್ತಕ ಓದುವಾಗ ಮೇಲ್ರೆಪ್ಪೆ ಅರೆಮುಚ್ಚಿರುತ್ತದೆ. ಹಣೆಯ ಎತ್ತರಕ್ಕೆ ಮಾನಿಟರ್ ಏರಿಸಿಕೊಂಡು ಕೂರುವ ಕಚೇರಿಗಳು ಬೆನ್ನನ್ನು ನೋಡಿಕೊಂಡು ಕಣ್ಣನ್ನು ಮರೆತಿವೆ.

ಗಾಳಿಯ ಪಾಲೂ ಇದೆ. ಬಯಲುಸೀಮೆಯ ಒಣಬೇಸಿಗೆ, ಫೆಬ್ರವರಿ–ಮಾರ್ಚಿನ ಬೆಂಗಳೂರಿನ ಒಣಮಧ್ಯಾಹ್ನ ಕಣ್ಣಿಗೆ ಕಠಿಣ ಎಂಬುದನ್ನು ಯಾರಾದರೂ ಊಹಿಸಬಹುದು. ಕರಾವಳಿಯ ಸೆಕೆಯಲ್ಲಿ ಕಣ್ಣು ಒಣಗದು ಎಂದುಕೊಂಡರೆ ಅದು ಅರ್ಧಸತ್ಯ. ಮಂಗಳೂರಿನ ಹವಾನಿಯಂತ್ರಿತ ಬ್ಯಾಂಕಿನೊಳಗೆ ಕೂತವರಿಗೆ ಹೊರಗಿನ ತೇವದಿಂದ ಏನೂ ಪ್ರಯೋಜನವಿಲ್ಲ. ಎ.ಸಿ. ಯಂತ್ರ ಗಾಳಿಯ ತೇವವನ್ನು ಹೀರಿ ನೀರಾಗಿ ಹೊರಹಾಕುತ್ತದೆ. ಅದರ ಬಾಯಿ ನೇರ ಮುಖಕ್ಕೆ ತಿರುಗಿದ್ದರೆ ಹಾನಿ ಇಮ್ಮಡಿ. ಮಲಗುವ ಕೋಣೆಯ ಸೀಲಿಂಗ್ ಫ್ಯಾನ್ ಕೂಡ ಹೀಗೆಯೇ. ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದವರು ತಿಳಿದದ್ದಕ್ಕಿಂತ ಹೆಚ್ಚಿದ್ದಾರೆ. ಅವರಿಗೆ ಬೆಳಗ್ಗೆ ಎದ್ದಾಗಲೇ ಉರಿ ಜೋರು. ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಬೈಕ್ ಓಡಿಸುವುದು, ಸೌದೆ ಒಲೆಯ ಹೊಗೆ, ಬೀಡಿ ಸಿಗರೇಟು ಇವೂ ಪಟ್ಟಿಯಲ್ಲಿವೆ. ಕಾಡಿಗೆಯನ್ನು ರೆಪ್ಪೆಗೂದಲ ಹೊರಗೆ ಹಚ್ಚಿದರೆ ತೊಂದರೆ ಕಡಿಮೆ. ಒಳಅಂಚಿಗೆ ತೀಡಿದಾಗ ಅದು ಕೂರುವುದು ಎಣ್ಣೆಗ್ರಂಥಿಗಳ ಬಾಯಿಯ ಮೇಲೆಯೇ.

ದೇಹದ ಒಳಗಿನ ಕಾರಣಗಳಿಗೆ ಇಷ್ಟು ಗಮನ ಸಿಗುವುದಿಲ್ಲ. ವಯಸ್ಸಾದಂತೆ ಕಣ್ಣೀರೂ ಎಣ್ಣೆಯೂ ಕಡಿಮೆಯಾಗುತ್ತವೆ. ಮುಟ್ಟು ನಿಂತ ಹೆಂಗಸರಲ್ಲಿ ಹಾರ್ಮೋನುಗಳ ಬದಲಾವಣೆಯಿಂದ ಇದು ಇನ್ನೂ ಹೆಚ್ಚು. ನೆಗಡಿ, ಅಲರ್ಜಿಗೆ ನುಂಗುವ ಮಾತ್ರೆ, ಖಿನ್ನತೆಯ ಕೆಲವು ಔಷಧಿ, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಇವೆಲ್ಲ ಕಣ್ಣನ್ನು ಒಣಗಿಸಬಲ್ಲವು. ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾದ ನರಗಳು ಕತ್ತರಿಸಲ್ಪಡುವುದರಿಂದ ತಿಂಗಳುಗಟ್ಟಲೆ ಕಣ್ಣು ಒಣಗುವುದು ಸಾಮಾನ್ಯ. ಸಕ್ಕರೆ ಕಾಯಿಲೆ ಇದಕ್ಕಿಂತ ಕುತಂತ್ರಿ. ಅದು ಕಾರ್ನಿಯಾದ ನರಗಳನ್ನೇ ಮಂಕಾಗಿಸುತ್ತದೆ. ಮೇಲ್ಮೈ ಹುಣ್ಣಾಗಿದ್ದರೂ ರೋಗಿಗೆ ಉರಿಯೇ ಗೊತ್ತಾಗದು.

ನೀರು ಹುಟ್ಟದ ಬಗೆಯಲ್ಲಿ ಪ್ರಮುಖವಾದದ್ದು ಷೋಗ್ರೆನ್ಸ್ ಕಾಯಿಲೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ ತನ್ನ ಪ್ರಬಂಧದಲ್ಲಿ 19 ಮಹಿಳೆಯರನ್ನು ವರ್ಣಿಸಿದ: ಕಣ್ಣೂ ಒಣ, ಬಾಯಿಯೂ ಒಣ, ಹಲವರಿಗೆ ಕೀಲುನೋವು. ಪ್ರಬಂಧಕ್ಕೆ ಬಂದ ದರ್ಜೆ ವಿಶ್ವವಿದ್ಯಾಲಯದಲ್ಲಿ ಬೋಧಕ ವೃತ್ತಿ ಹಿಡಿಯಲು ಸಾಲಲಿಲ್ಲ ಎಂಬುದು ಇಂದು ನಗು ತರಿಸುವ ಸಂಗತಿ. ದೇಹದ ರಕ್ಷಣಾಕೋಶಗಳು ತಮ್ಮದೇ ಕಣ್ಣೀರ ಗ್ರಂಥಿ, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ರೊಟ್ಟಿ, ಅವಲಕ್ಕಿಯಂಥ ಒಣ ತಿನಿಸು ನುಂಗಲು ಪ್ರತಿ ತುತ್ತಿಗೂ ನೀರು ಬೇಕಾಗುತ್ತದೆಯೇ ಎಂಬ ಒಂದು ಪ್ರಶ್ನೆ ಕಣ್ಣಿನ ವೈದ್ಯರನ್ನು ರುಮಟಾಲಜಿಸ್ಟರ ಕಡೆ ತಿರುಗಿಸಬಲ್ಲದು. ಈ ರೋಗಿಗಳಲ್ಲಿ ಹಾಲ್ರಸ ಗ್ರಂಥಿಯ ಕ್ಯಾನ್ಸರಿನ ಸಂಭವ ಸಾಮಾನ್ಯರಿಗಿಂತ ಹೆಚ್ಚಿರುವುದರಿಂದ, ಬರಿಯ ಹನಿ ಬರೆದು ಕಳುಹಿಸಿದರೆ ಕಣ್ಣಿಗಿಂತ ದೊಡ್ಡದನ್ನು ಬಿಟ್ಟುಬಿಟ್ಟಂತಾಗುತ್ತದೆ. ರುಮಟಾಯ್ಡ್ ಸಂಧಿವಾತ, ಥೈರಾಯ್ಡ್ ತೊಂದರೆ ಇರುವವರ ಕಣ್ಣನ್ನೂ ಹೀಗೆಯೇ ನೋಡಬೇಕು.

ಭಾರತದಲ್ಲಿ ಒಣಗಣ್ಣಿಗೆ ಇನ್ನೊಂದು, ಹಳೆಯ ಚರಿತ್ರೆ ಇದೆ. ಕಂಪ್ಯೂಟರಿಗೂ ಎ.ಸಿ.ಗೂ ಮೊದಲು ಇಲ್ಲಿ ಕಣ್ಣು ಒಣಗುತ್ತಿದ್ದದ್ದು ಬಡಮಕ್ಕಳಲ್ಲಿ, ಹಸಿವಿನಿಂದ. ಎ ಜೀವಸತ್ವ ಸಾಲದಾದಾಗ ಮೊದಲು ಇರುಳುಗುರುಡು. ಆಮೇಲೆ ಲೋಳೆಯ ಕೋಶಗಳು ಅಳಿದು ಬಿಳಿಗುಡ್ಡೆಯ ಮೇಲೆ ನೊರೆಯಂಥ ಬೂದು ಕಲೆ, 1863ರಲ್ಲಿ ಫ್ರಾನ್ಸಿನ ಪಿಯರ್ ಬಿಟೋ ವಿವರಿಸಿದ್ದು. ಕೊನೆಗೆ ಕಾರ್ನಿಯಾ ಮೆತ್ತಗಾಗಿ ಕರಗಿ ಕುರುಡು. 1970ರಲ್ಲಿ ಸರ್ಕಾರ ಆರಂಭಿಸಿದ ಕಾರ್ಯಕ್ರಮದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಎ ಜೀವಸತ್ವ ಬಾಯಿಗೆ ಹಾಕುವ ಕ್ರಮ ಬಂತು. ದಡಾರದ ಲಸಿಕೆ, ಉತ್ತಮಗೊಂಡ ಆಹಾರ ಜೊತೆ ಸೇರಿ ಆ ಕುರುಡು ಈಗ ಅಪರೂಪವಾಗಿದೆ. ಈ ಮಕ್ಕಳ ಕಣ್ಣಿಗೆ ಎಷ್ಟು ಹನಿ ಹಾಕಿದ್ದರೂ ದೃಷ್ಟಿ ಉಳಿಯುತ್ತಿರಲಿಲ್ಲ. ಕೊರತೆ ಇದ್ದದ್ದು ಹೊಟ್ಟೆಯಲ್ಲಿ. ಹೊಟ್ಟೆ ತುಂಬ ಉಣ್ಣುವ ವಯಸ್ಕರ ಒಣಗಣ್ಣಿಗೆ ಕ್ಯಾರೆಟ್, ನುಗ್ಗೆಸೊಪ್ಪು ಮದ್ದೆಂದು ಹೇಳುವುದು ಆ ಕಾಲದ ನೆನಪಿನ ಮುಂದುವರಿಕೆ. ಸೊಪ್ಪು ತಿನ್ನುವುದು ಒಳ್ಳೆಯದೇ, ಆದರೆ ಕಟ್ಟಿಕೊಂಡ ಎಣ್ಣೆಗ್ರಂಥಿಯನ್ನು ಅದು ಬಿಡಿಸದು.

ಒಣಗಣ್ಣು ಎಷ್ಟು ಜನರಿಗಿದೆ ಎಂಬ ಪ್ರಶ್ನೆಗೆ ಜಗತ್ತಿನ ಸಮೀಕ್ಷೆಗಳು ನೂರಕ್ಕೆ 5ರಿಂದ 50ರವರೆಗೆ ಉತ್ತರ ಕೊಡುತ್ತವೆ. ಇಷ್ಟು ಅಂತರ ಬರುವುದು ರೋಗದ ಏರಿಳಿತದಿಂದಲ್ಲ, ಅಳತೆಯ ಗೊಂದಲದಿಂದ. ಮರಳು ಬಿದ್ದಂತಾಗುವುದು, ಉರಿ, ಚುಚ್ಚು, ರೆಪ್ಪೆ ಭಾರವಾಗುವುದು, ಸಂಜೆಯ ಹೊತ್ತಿಗೆ ಅಕ್ಷರ ಮಸುಕಾಗಿ ರೆಪ್ಪೆ ಬಡಿದೊಡನೆ ತಿಳಿಯಾಗುವುದು: ಇವು ರೋಗಿ ಹೇಳುವ ಲಕ್ಷಣಗಳು. ಕೊನೆಯದು ವಿಶೇಷ ಸುಳಿವು, ಏಕೆಂದರೆ ಬೆಳಕು ಕಣ್ಣಿನಲ್ಲಿ ಮೊದಲು ಬಾಗುವುದೇ ಕಣ್ಣೀರ ಪದರದಲ್ಲಿ. ಆದರೆ ರೋಗಿ ಹೇಳುವುದಕ್ಕೂ ವೈದ್ಯರಿಗೆ ಕಾಣುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಹಾನಿ ಕಡಿಮೆಯಿದ್ದು ನೋವು ವಿಪರೀತವಿದ್ದರೆ ನರಗಳೇ ಹದ ತಪ್ಪಿರಬಹುದು. ಅಂಥವರಿಗೆ ‘ಏನೂ ಇಲ್ಲ, ಮನಸ್ಸಿನ ಭ್ರಮೆ’ ಎಂದು ಕಳುಹಿಸುವುದು ಅನ್ಯಾಯ. ನವೆಯೇ ಮುಂದಾಗಿದ್ದರೆ ಅಲರ್ಜಿಯನ್ನೂ, ಕೆಂಪಾಗಿ ಪಿಸುರು ಕಟ್ಟಿ ಮನೆಮಂದಿಗೆಲ್ಲ ಹರಡಿದರೆ ಮದ್ರಾಸ್ ಐಯನ್ನೂ ಯೋಚಿಸಬೇಕು.

ಪರೀಕ್ಷೆಗಳು ಸರಳ, ದುಬಾರಿ ಯಂತ್ರ ಬೇಡ. ಜರ್ಮನಿಯ ಓಟೋ ಷಿರ್ಮರ್ 1903ರಲ್ಲಿ ತಂದ ವಿಧಾನ ಇಂದಿಗೂ ನಡೆದಿದೆ: 5 ಮಿ.ಮೀ. ಅಗಲ, 35 ಮಿ.ಮೀ. ಉದ್ದದ ಸೋಸುಕಾಗದದ ಪಟ್ಟಿಯ ತುದಿಯನ್ನು ಮಡಿಸಿ ಕೆಳರೆಪ್ಪೆಯ ಹೊರಭಾಗಕ್ಕೆ ಸಿಕ್ಕಿಸುತ್ತಾರೆ; ಐದು ನಿಮಿಷದಲ್ಲಿ ಎಷ್ಟು ದೂರ ಒದ್ದೆಯಾಯಿತೆಂದು ಅಳೆಯುತ್ತಾರೆ. 5 ಮಿ.ಮೀ.ಗಿಂತ ಕಡಿಮೆಯಾದರೆ ನೀರಿನ ಕೊರತೆ ನಿಜವಾಗಿಯೂ ಇದೆ. ಇನ್ನೊಂದರಲ್ಲಿ ಫ್ಲೋರೆಸಿನ್ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ರೆಪ್ಪೆ ಬಡಿದ ಮೇಲೆ ತೆರೆದೇ ಇಡಲು ಹೇಳಿದಾಗ ಹಸಿರಾಗಿ ಹೊಳೆಯುವ ಪದರದಲ್ಲಿ ಕರಿಯ ಕಲೆಗಳು ಮೂಡುತ್ತವೆ, ಪದರ ಹರಿದ ಜಾಗಗಳವು. ಹತ್ತು ಸೆಕೆಂಡಿಗೂ ಮೊದಲೇ ಕಲೆ ಮೂಡಿದರೆ ಪದರ ಅಸ್ಥಿರ. ಮೂರನೆಯದಕ್ಕೆ ವೈದ್ಯರ ಬೆರಳು ಸಾಕು. ಕೆಳರೆಪ್ಪೆಯ ಅಂಚನ್ನು ಒತ್ತಿದಾಗ ಆರೋಗ್ಯದ ಗ್ರಂಥಿಗಳಿಂದ ತಿಳಿಯಾದ ಎಣ್ಣೆಯ ಹನಿ ಸಲೀಸಾಗಿ ಏಳುತ್ತದೆ; ಕೆಟ್ಟ ಗ್ರಂಥಿಗಳಿಂದ ಬೆಳ್ಳಗಿನ ವಸ್ತು ಟೂತ್‌ಪೇಸ್ಟಿನಂತೆ ಎಳೆಯಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ರೆಪ್ಪೆಗೂದಲ ಬುಡದಲ್ಲಿ ಹೊಟ್ಟಿನ ಕೊಳವೆಗಳು ಸುತ್ತಿಕೊಂಡಿದ್ದರೆ ಡೆಮೊಡೆಕ್ಸ್ ಎಂಬ ನುಸಿಯ ಸೂಚನೆ. ಈ ಮೂರನೆಯ ಪರೀಕ್ಷೆಗೆ ಅರ್ಧ ನಿಮಿಷ ಸಾಕಾದರೂ ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಮೊದಲು ಬಿಟ್ಟುಹೋಗುವುದು ಅದೇ. ಚಿಕಿತ್ಸೆ ಹನಿಯಲ್ಲಿ ಮೊದಲಾಗಿ ಹನಿಯಲ್ಲೇ ಮುಗಿಯುವುದಕ್ಕೆ ಈ ಲೋಪವೇ ದೊಡ್ಡ ಕಾರಣವೆನ್ನಬಹುದು.

ರೆಪ್ಪೆಯಲ್ಲಿ ತೊಂದರೆ ಕಂಡರೆ ಚಿಕಿತ್ಸೆ ಅಲ್ಲಿಂದಲೇ ಶುರುವಾಗಬೇಕು, ಮತ್ತು ಅದಕ್ಕೆ ಖರ್ಚೇನೂ ಇಲ್ಲ. ಗಟ್ಟಿಯಾದ ಎಣ್ಣೆ ಕರಗಲು ರೆಪ್ಪೆಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ ಐದರಿಂದ ಹತ್ತು ನಿಮಿಷ ಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಎರಡು ನಿಮಿಷದಲ್ಲೇ ಆರಿಹೋಗುತ್ತದೆ. ಮತ್ತೆ ಮತ್ತೆ ಅದ್ದಬೇಕು, ಇಲ್ಲವೇ ಬಿಸಿ ಹಿಡಿದಿಡುವ ಕಣ್ಣಪಟ್ಟಿ ಬಳಸಬೇಕು. ‘ಶಾಖ ಕೊಟ್ಟೆ, ಗುಣವಾಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಕೊಟ್ಟದ್ದು ಆರಿದ ಬಟ್ಟೆಯನ್ನು. ಶಾಖ ಕೊಟ್ಟ ಮೇಲೆ, ಮುಚ್ಚಿದ ರೆಪ್ಪೆಗಳಲ್ಲಿ ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೃದುವಾಗಿ ತೀಡಬೇಕು, ಗುಡ್ಡೆಯನ್ನು ಅದುಮದೆ. ಬಳಿಕ ಕೂದಲ ಬುಡವನ್ನು ಒದ್ದೆ ಹತ್ತಿಯಿಂದ ಒರೆಸಬೇಕು. ಹಲ್ಲುಜ್ಜುವಷ್ಟು ನಿಯಮಿತವಾಗಿ ವಾರಗಟ್ಟಲೆ ಮಾಡಿದರೆ ಮಾತ್ರ ಇದರ ಫಲ ಕಾಣುತ್ತದೆ. ಬೇಕಾದಾಗ ವೈದ್ಯರು ಅಜಿತ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಸೇರಿಸುತ್ತಾರೆ. ರೆಪ್ಪೆಗೆ ಬೆಳಕಿನ ಮಿಂಚು, ಶಾಖದ ಒತ್ತು ಕೊಡುವ ಯಂತ್ರಗಳು ನಗರದ ಆಸ್ಪತ್ರೆಗಳಿಗೆ ಬಂದಿವೆ. ಕೆಲವರಿಗೆ ಉಪಯೋಗವಿದೆ, ಆದರೆ ಬಿಸಿಬಟ್ಟೆಯನ್ನು ಸರಿಯಾಗಿ ಪ್ರಯತ್ನಿಸದವರಿಗೆ ಅವು ಮೊದಲ ಮೆಟ್ಟಿಲಾಗಬೇಕಿಲ್ಲ.

ಹನಿಗಳಿಗೆ ತಮ್ಮದೇ ಸ್ಥಾನವಿದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಯಲುರೋನೇಟ್ ಇರುವ ಕೃತಕ ಕಣ್ಣೀರು ಮೇಲ್ಮೈಯನ್ನು ನಯವಾಗಿಸಿ ಉಪ್ಪಿನ ಸಾಂದ್ರತೆ ಇಳಿಸುತ್ತದೆ; ಎಣ್ಣೆಯ ಅಂಶ ಬೆರೆತವು ಆವಿಯಾಗುವುದನ್ನು ತಡೆಯುತ್ತವೆ. ಆದರೆ ಅಳತೆ ನೋಡಿ: ಕಣ್ಣಲ್ಲಿ ಸಹಜವಾಗಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್, ಕ್ಷಣಕಾಲ ಹಿಡಿಯಬಲ್ಲದ್ದು ಹೆಚ್ಚೆಂದರೆ 30, ಸೀಸೆಯಿಂದ ಬೀಳುವ ಒಂದು ಹನಿ 30ರಿಂದ 50. ಎರಡನೆಯ ಹನಿ ಹಾಕುವುದು ಕೆನ್ನೆಗೆ ಹಾಕಿದಂತೆಯೇ. ಉಳಿದದ್ದೂ ಹೆಚ್ಚು ಹೊತ್ತು ಇರುವುದಿಲ್ಲ. ಅನೇಕ ಹನಿಗಳಲ್ಲಿ ಸೂಕ್ಷ್ಮಜೀವಿ ಬೆಳೆಯದಂತೆ ಬೆಂಜಾಲ್ಕೋನಿಯಮ್ ಕ್ಲೋರೈಡ್ ಸೇರಿಸಿರುತ್ತಾರೆ. ಅದರ ಗುಣ ಮಾರ್ಜಕದ್ದು. ಸೂಕ್ಷ್ಮಜೀವಿಯ ಜೊತೆಗೆ ಎಣ್ಣೆಯ ಪದರವನ್ನೂ, ಮೇಲ್ಮೈಯ ಕೋಶಗಳನ್ನೂ ಅದು ಕೆಡಿಸುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹನಿ ಬೇಕಾದವರು ಸಂರಕ್ಷಕವಿಲ್ಲದ ಹನಿಗೆ ಬದಲಾಗಬೇಕೆಂಬ ನಿಯಮ ಅದರಿಂದ ಬಂದದ್ದು. ಗ್ಲಾಕೋಮಾಗೆ ವರ್ಷಗಟ್ಟಲೆ ಎರಡು ಮೂರು ಬಗೆಯ ಹನಿ ಹಾಕುವವರಲ್ಲಿ ಒಣಗಣ್ಣು ಇಷ್ಟೊಂದು ಕಾಣಲು ಇದೂ ಒಂದು ಕಾರಣ.

ಸಂರಕ್ಷಕ ತೆಗೆದರೆ ಶುದ್ಧತೆಯ ಹೊಣೆ ತಯಾರಕರ ಮೇಲೆ ಬೀಳುತ್ತದೆ. 2022–23ರಲ್ಲಿ ಚೆನ್ನೈ ಬಳಿಯ ಕಾರ್ಖಾನೆಯೊಂದರಿಂದ ಅಮೆರಿಕಕ್ಕೆ ಹೋದ ಸಂರಕ್ಷಕರಹಿತ ಕೃತಕ ಕಣ್ಣೀರಿನ ಸೀಸೆಗಳಲ್ಲಿ, ಬಹುತೇಕ ಔಷಧಿಗಳಿಗೆ ಬಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯಾ ಸೇರಿ, 18 ರಾಜ್ಯಗಳಲ್ಲಿ 81 ಮಂದಿ ಸೋಂಕಿಗೊಳಗಾದರು. ನಾಲ್ವರು ಸತ್ತರು, ಹಲವರು ದೃಷ್ಟಿ ಕಳೆದುಕೊಂಡರು. ಸಾಧಾರಣವೆಂದು ಎಣಿಸುವ ಹನಿಯೂ ಔಷಧಿಯೇ. ತೆರೆದ ಸೀಸೆಯನ್ನು ಅದರ ಮೇಲೆ ಹೇಳಿದ ಅವಧಿ ಮೀರಿ ಇಟ್ಟುಕೊಳ್ಳುವುದು, ಮನೆಮಂದಿಯೆಲ್ಲ ಒಂದೇ ಸೀಸೆ ಹಂಚಿಕೊಳ್ಳುವುದು, ಅದರ ಮೂತಿಯನ್ನು ರೆಪ್ಪೆಗೆ ತಾಗಿಸುವುದು ಇದೇ ಅಪಾಯದ ಸಣ್ಣ ರೂಪಗಳು.

ನಿಜವಾದ ಹಾನಿ ಇನ್ನೆರಡು ಬಗೆಯ ಹನಿಗಳಿಂದ ಆಗುತ್ತಿದೆ. ಒಂದು, ಕೆಂಪು ಹೋಗಲಾಡಿಸುವ ಹನಿ. ಅದು ರಕ್ತನಾಳವನ್ನು ಕುಗ್ಗಿಸುತ್ತದೆ, ಕಣ್ಣು ಬೆಳ್ಳಗಾಗುತ್ತದೆ, ಪ್ರಭಾವ ಇಳಿದಾಗ ಮೊದಲಿಗಿಂತ ಕೆಂಪಾಗುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ಇನ್ನೊಂದು ಸ್ಟಿರಾಯ್ಡ್ ಬೆರೆತದ್ದು. ಉರಿಯೂತ ತಗ್ಗಿಸುವುದರಿಂದ ಒಣಗಣ್ಣಿಗೂ ಅದು ಎರಡೇ ದಿನದಲ್ಲಿ ಹಿತ ಕೊಡುತ್ತದೆ, ಆ ಹಿತವೇ ಬಲೆ. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ಗ್ಲಾಕೋಮಾ, ಅಕಾಲ ಪೊರೆ ಬರಬಹುದು. ಗ್ಲಾಕೋಮಾದಿಂದ ಹೋದ ನೋಟ ಮರಳದು. ಭತ್ತದ ಗರಿ, ಕಬ್ಬಿನ ರವದಿ ತಾಗಿ ಕಣ್ಣಿಗೆ ಶಿಲೀಂಧ್ರದ ಹುಣ್ಣಾದ ರೈತನಿಗೆ ಅಂಗಡಿಯವರು ಈ ಹನಿ ಕೊಟ್ಟರಂತೂ ಅನಾಹುತ ಖಚಿತ. ಚೀಟಿಯಿಲ್ಲದೆ ಇದನ್ನು ಮಾರಬಾರದೆಂಬ ನಿಯಮ ಕಾಗದದ ಮೇಲಿದೆ. ಕಣ್ಣಿನ ಹನಿಗಳ ವಿಷಯದಲ್ಲಿ ಅದನ್ನು ಬಿಗಿಮಾಡುವುದು ಎಷ್ಟೋ ಜಾಗೃತಿ ಭಾಷಣಗಳಿಗಿಂತ ಹೆಚ್ಚು ಕಣ್ಣು ಉಳಿಸಬಲ್ಲದು. ನಂದಿಬಟ್ಟಲ ಹೂವಿನ ರಸ, ಜೇನು, ಎದೆಹಾಲು, ಹರಳೆಣ್ಣೆ ಇವನ್ನು ಕಣ್ಣಿಗೆ ಬಿಡುವ ರೂಢಿಯೂ ಇನ್ನೂ ಇದೆ. ಹರಳೆಣ್ಣೆಯಿಂದ ಮಾಡಿದ ಕಣ್ಣಿನ ಹನಿಗಳು ನಿಜಕ್ಕೂ ಉಂಟು, ಆದರೆ ಅವು ಸೋಂಕುಮುಕ್ತವಾಗಿ ತಯಾರಾದಂಥವು. ಅಡುಗೆಮನೆಯ ಸೀಸೆಗೆ ಆ ಭರವಸೆ ಇಲ್ಲ.

ಮಧ್ಯಮ ಹಂತ ದಾಟಿದವರಿಗೆ ಉರಿಯೂತದ ವರ್ತುಲವನ್ನೇ ಮುರಿಯಬೇಕಾಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಸೈಕ್ಲೋಸ್ಪೊರಿನ್ ಹನಿ ಇಲ್ಲಿಯೂ ಬಳಕೆಯಲ್ಲಿದೆ. ಹಾಕಿದಾಗ ಉರಿಯುತ್ತದೆ, ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಎರಡನೆಯ ವಾರಕ್ಕೆ ಬಿಟ್ಟುಬಿಡುತ್ತಾನೆ. ಕಣ್ಣೀರು ಮೂಗಿಗೆ ಹರಿಯುವ ರಂಧ್ರಗಳಿಗೆ ಪುಟ್ಟ ಬಿರಡೆ ಹಾಕಿ ಇದ್ದ ನೀರನ್ನು ಉಳಿಸಬಹುದು. ಉರಿಯೂತ ಇಳಿಯುವ ಮೊದಲೇ ಹಾಕಿದರೆ ಕೆಟ್ಟ ಕಣ್ಣೀರನ್ನೇ ಕಟ್ಟಿಹಾಕಿದಂತಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವೆರೆನಿಕ್ಲಿನ್ ಸ್ಪ್ರೇ ಮೂಗಿನ ನರವನ್ನು ಕೆರಳಿಸಿ ಕಣ್ಣೀರು ಬರಿಸುತ್ತದೆ; ಅದೇ ಔಷಧಿಯ ಮಾತ್ರೆ ಸಿಗರೇಟು ಬಿಡಿಸಲು ಬಳಕೆಯಲ್ಲಿದ್ದದ್ದು. ಔಷಧಿಯ ಪ್ರತಿಕೂಲ ಪರಿಣಾಮವಾಗಿ ಚರ್ಮ, ಬಾಯಿ, ಕಣ್ಣು ಬೆಂದಂತಾಗುವ ಸ್ಟೀವನ್ಸ್–ಜಾನ್ಸನ್ ಕಾಯಿಲೆಯಿಂದ ಬದುಕಿಬಂದವರ ಒಣಗಣ್ಣು ಬೇರೆಯೇ ಮಟ್ಟದ್ದು. ಅವರಿಗೆ ತಮ್ಮದೇ ರಕ್ತದ ಸೀರಮ್ಮಿನ ಹನಿ, ಕಾರ್ನಿಯಾದ ಮೇಲೆ ದ್ರವ ಹಿಡಿದಿಡುವ ದೊಡ್ಡ ಸ್ಕ್ಲೀರಲ್ ಲೆನ್ಸ್, ತುಟಿಯ ಒಳಗಿನ ಜೊಲ್ಲುಗ್ರಂಥಿಯನ್ನು ಕಣ್ಣಿಗೆ ಕಸಿ ಮಾಡುವುದು ಇವೇ ದಾರಿ.

ಮಾರುಕಟ್ಟೆ ಹೇಳುವ ಎರಡು ಪರಿಹಾರಗಳನ್ನು ತೂಗಿ ನೋಡಬೇಕು. ಮೀನೆಣ್ಣೆಯ ಒಮೆಗಾ–3 ಗುಳಿಗೆ ಒಣಗಣ್ಣಿಗೆ ಒಳ್ಳೆಯದೆಂದು ಬಹಳ ಕಾಲ ಬರೆಯಲಾಗುತ್ತಿತ್ತು. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 3000 ಮಿಲಿಗ್ರಾಂ ಒಂದು ವರ್ಷ ತಿಂದವರಿಗೂ, ಆಲಿವ್ ಎಣ್ಣೆಯ ಗುಳಿಗೆ ತಿಂದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರಿಗೆ ಸಾಕಷ್ಟು ಹಿತವೆನಿಸಿತ್ತು ಎಂಬುದು, ಗುಳಿಗೆ ಹೊಗಳುವವರ ಅನುಭವ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು ಎಂಬುದನ್ನು ತೋರಿಸುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕದ ಬಗ್ಗೆ 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆ, ಕಣ್ಣಿನ ಆಯಾಸ ತಗ್ಗಿಸುವುದರಲ್ಲಿ ಸಾಮಾನ್ಯ ಗಾಜಿಗಿಂತ ಅದು ಮೇಲಲ್ಲವೆಂಬ ಅಭಿಪ್ರಾಯಕ್ಕೆ ಬಂತು. ಗಾಳಿಯನ್ನು ತಡೆಯುವ, ಬದಿ ಮುಚ್ಚಿದ ಸಾದಾ ಕನ್ನಡಕ ಇದಕ್ಕಿಂತ ಉಪಯೋಗಿ.

ತಡೆಗಟ್ಟುವ ಕ್ರಮಗಳೆಲ್ಲ ಕಾರಣಗಳ ಪಟ್ಟಿಯಿಂದಲೇ ಹೊರಡುತ್ತವೆ. ಪರದೆ ಕಣ್ಣಿಗಿಂತ ಕೆಳಗಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಬೇಕೆಂಬ ಸಲಹೆ ಪ್ರಸಿದ್ಧ; ದೂರ ನೋಡುವುದಕ್ಕಿಂತ, ಆಗ ನಾಲ್ಕಾರು ಸಲ ರೆಪ್ಪೆಯನ್ನು ಪೂರ್ತಿ ಮುಚ್ಚಿ ಎರಡು ಸೆಕೆಂಡು ಹಿಡಿದು ತೆರೆಯುವುದೇ ಅದರ ಸಾರ. ಫ್ಯಾನಿನ ನೇರ ಕೆಳಗೆ ಮಲಗದಿರುವುದು, ಬೈಕಿನಲ್ಲಿ ಗಾಜು ಇಳಿಸಿಕೊಳ್ಳುವುದು, ಕಾಂಟ್ಯಾಕ್ಟ್ ಲೆನ್ಸಿನ ಗಂಟೆಗಳನ್ನು ಮಿತಗೊಳಿಸುವುದು, ಮಲಗುವ ಮುನ್ನ ಕಾಡಿಗೆ ತೊಳೆಯುವುದು ಮನೆಯವರ ಕೈಯಲ್ಲಿದೆ. ಎ.ಸಿ.ಯ ಬಾಯಿ ಯಾವ ಕುರ್ಚಿಯ ಮೇಲೆ ತಿರುಗಿದೆ, ಬಿಡುವಿಲ್ಲದೆ ಎಷ್ಟು ಗಂಟೆ ಪರದೆ ನೋಡಿಸುತ್ತಾರೆ ಎಂಬುದು ಮಾತ್ರ ಉದ್ಯೋಗಿಯ ಕೈಯಲ್ಲಿಲ್ಲ. ಕಾಲ್ ಸೆಂಟರಿನ ಹುಡುಗಿಗೆ ರೆಪ್ಪೆ ಬಡಿಯುವುದನ್ನು ಕಲಿಸಿ, ಅವಳ ಮುಖಕ್ಕೆ ಬೀಸುವ ಗಾಳಿಯನ್ನು ಹಾಗೆಯೇ ಬಿಡುವ ಆರೋಗ್ಯ ಶಿಬಿರಗಳು ಹೊಣೆಯನ್ನು ತಪ್ಪು ಹೆಗಲಿಗೆ ದಾಟಿಸುತ್ತವೆ. ಇದು ಉದ್ಯೋಗದ ಸುರಕ್ಷತೆಯ ವಿಷಯವಾಗಿ ಪರಿಗಣಿತವಾಗಬೇಕು.

ಹಠಾತ್ತನೆ ನೋಟ ಇಳಿದರೆ, ಬೆಳಕು ಸಹಿಸಲಾಗದಂತಾದರೆ, ತೀವ್ರ ನೋವಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದನ್ನು ಒಣಗಣ್ಣೆಂದು ಕಾಯುತ್ತ ಕೂರಬಾರದು. ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಲೇಸಿಕ್ಕಿಗೆ, ಪೊರೆಯ ಶಸ್ತ್ರಚಿಕಿತ್ಸೆಗೆ ಸಿದ್ಧರಾದವರು ಮುಂಚೆಯೇ ಕಣ್ಣೀರ ಪದರವನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ಪೊರೆ ತೆಗೆದು ಕೂರಿಸುವ ಲೆನ್ಸಿನ ಪವರನ್ನು ಕಾರ್ನಿಯಾದ ಬಾಗನ್ನು ಅಳೆದು ಲೆಕ್ಕ ಹಾಕುತ್ತಾರೆ. ಯಂತ್ರ ಅಳೆಯುವುದು ಕಾರ್ನಿಯಾದ ಮೇಲಿರುವ ಕಣ್ಣೀರ ಮೈಯನ್ನು. ಅದು ಅಲ್ಲಲ್ಲಿ ಹರಿದಿದ್ದರೆ ಒಂದೇ ಕಣ್ಣು ಎರಡು ಸಲ ಎರಡು ಅಳತೆ ಕೊಡುತ್ತದೆ, ಲೆನ್ಸ್ ತಪ್ಪಾಗಿ ಬೀಳುತ್ತದೆ. ಅಂಥವರಿಗೆ ಕೆಲವು ವಾರ ರೆಪ್ಪೆಯ ಶಾಖ, ಹನಿಗಳ ಚಿಕಿತ್ಸೆ ಕೊಟ್ಟು, ಮತ್ತೆ ಅಳೆದು, ಎರಡು ಅಳತೆಗಳು ಕೂಡಿಬಂದ ಮೇಲೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುತ್ತಾರೆ.